ಲೇಸರ್ ಹಿಡಿದ ಕೈಗೆ ಯಾವ ರಾಜ್ಯದ ಕಾನೂನು?

ಮಂಗಳೂರಿನಲ್ಲಿ ಅಚ್ಚಾಗಿ ಬೆಳಗಾಗುವಷ್ಟರಲ್ಲಿ ಕಾಸರಗೋಡು ಮುಟ್ಟುವ ಕನ್ನಡ ಪತ್ರಿಕೆಗಳ ಓದುಗರನ್ನು ಕೆಲವು ಕಾಲದಿಂದ ಒಂದು ಗೊಂದಲ ಕಾಡುತ್ತಿದೆ. ಸೌಂದರ್ಯ ಚಿಕಿತ್ಸೆಯ ಹೆಸರಿನಲ್ಲಿ ನಡೆಯುವ ಲೇಸರ್ ಮತ್ತು ಬೆಳಕಿನ ಚಿಕಿತ್ಸೆಗಳ ಬಗ್ಗೆ ಒಂದು ದಿನ ಚರ್ಮರೋಗ ತಜ್ಞರು ‘ಇದು ವೈದ್ಯರ ಕೆಲಸ, ಬೇರೆಯವರು ಮಾಡಕೂಡದು’ ಎಂದದ್ದು ಸುದ್ದಿಯಾಗುತ್ತದೆ. ಇನ್ನೊಂದು ದಿನ ದಂತವೈದ್ಯರೂ ಮುಖದ ಸೌಂದರ್ಯ ಚಿಕಿತ್ಸೆ ಮಾಡಬಹುದು ಎಂಬ ವಾದ ಬರುತ್ತದೆ. ಮತ್ತೊಂದು ದಿನ ನೋಂದಣಿಯಿಲ್ಲದ ಕ್ಲಿನಿಕ್‌ಗೆ ಬೀಗ ಬಿದ್ದ ವರದಿ, ಅದರ ಪಕ್ಕದಲ್ಲೇ ಆರು ಸಿಟ್ಟಿಂಗಿಗೆ ಇಷ್ಟು ರೂಪಾಯಿ ಎಂಬ ಜಾಹೀರಾತು. ಇವುಗಳಲ್ಲಿ ಯಾವುದು ನಿಯಮ, ಯಾವುದು ಬರಿಯ ಅಭಿಪ್ರಾಯ ಎಂದು ಬಿಡಿಸಿ ಹೇಳುವವರು ಕಡಿಮೆ.

ಗಡಿನಾಡಿನಲ್ಲಿ ಈ ಗೊಂದಲ ಇಮ್ಮಡಿಯಾಗುತ್ತದೆ. ಪತ್ರಿಕೆಯಲ್ಲಿ ಓದಿದ ಕರ್ನಾಟಕದ ಆದೇಶ ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ಪಾರ್ಲರಿಗೆ ಅನ್ವಯಿಸುವುದಿಲ್ಲ. ಅನ್ವಯಿಸುವ ಕೇರಳದ ಕಾನೂನಿನ ವಿವರ ಕನ್ನಡದಲ್ಲಿ ಸಿಗುವುದು ಅಪರೂಪ. ಆದ್ದರಿಂದ ‘ಸರಕಾರ ಏನೋ ಮಾಡಿದೆ’ ಎಂಬ ಅಸ್ಪಷ್ಟ ಭರವಸೆಯೊಂದು ಉಳಿಯುತ್ತದೆ. ಸರಕಾರಗಳು ಏನೂ ಮಾಡಿಲ್ಲ ಎನ್ನುವಂತಿಲ್ಲ, ನಿಜ. ಆದರೆ ಮಾಡಿದ ಕಾನೂನುಗಳಲ್ಲಿ ಒಂದು ಯಂತ್ರವನ್ನು ನೋಡುತ್ತದೆ, ಇನ್ನೊಂದು ಕಟ್ಟಡವನ್ನು, ಮತ್ತೊಂದು ವೈದ್ಯರ ಪದವಿಯನ್ನು. ಯಂತ್ರದ ಹಿಡಿಯನ್ನು ಹಿಡಿದು ಗುಂಡಿ ಒತ್ತುವ ಕೈ ಈ ಮೂರರ ನಡುವಿನ ಸಂದಿಯಲ್ಲಿದೆ.

ಬೆಳಕು ಚರ್ಮದಲ್ಲಿ ಮಾಡುವ ಕೆಲಸ

ನಿಯಂತ್ರಣ ಏಕೆ ಬೇಕು ಎಂಬುದು ತಿಳಿಯಬೇಕಾದರೆ ಯಂತ್ರ ಮಾಡುವ ಕೆಲಸವನ್ನು ತುಸು ನಿಧಾನವಾಗಿ ನೋಡಬೇಕು. ಅಮೆರಿಕದ ಥಿಯೋಡರ್ ಮೈಮನ್ 1960ರಲ್ಲಿ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಕಿರಣವನ್ನು ಹೊಮ್ಮಿಸಿದರು. ಅದೇ ದಶಕದಲ್ಲಿ ಚರ್ಮವೈದ್ಯ ಲಿಯೋನ್ ಗೋಲ್ಡ್‌ಮನ್ ಅದನ್ನು ಮನುಷ್ಯರ ಚರ್ಮದ ಮೇಲೆ ಪರೀಕ್ಷಿಸತೊಡಗಿದರು. ಆದರೆ ಇಂದಿನ ಚಿಕಿತ್ಸೆಗಳು ನಿಂತಿರುವುದು ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ 1983ರಲ್ಲಿ ವಿವರಿಸಿದ ತತ್ತ್ವದ ಮೇಲೆ. ಒಂದೊಂದು ತರಂಗದೂರದ, ಎಂದರೆ ಒಂದೊಂದು ಅಲೆಯುದ್ದದ, ಬೆಳಕನ್ನು ಚರ್ಮದ ಒಂದೊಂದು ವಸ್ತು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಕೂದಲಿನ ಕಪ್ಪಿಗೆ ಕಾರಣವಾದ ಮೆಲನಿನ್ ಒಂದು ಬಗೆಯ ಬೆಳಕನ್ನು ಹೀರಿದರೆ, ರಕ್ತದ ಹಿಮೋಗ್ಲೋಬಿನ್ ಇನ್ನೊಂದನ್ನು, ಜೀವಕೋಶಗಳಲ್ಲಿರುವ ನೀರು ಮತ್ತೊಂದನ್ನು ಹೀರುತ್ತದೆ. ಹೀರಿದ ಬೆಳಕು ಬಿಸಿಯಾಗುತ್ತದೆ. ಆ ಬಿಸಿ ಅಕ್ಕಪಕ್ಕಕ್ಕೆ ಹರಡುವ ಮೊದಲೇ ಬೆಳಕಿನ ಹೊಡೆತ ಮುಗಿಯುವಷ್ಟು ಚಿಕ್ಕದಾಗಿದ್ದರೆ, ಬೇಕಾದ ವಸ್ತುವಷ್ಟೇ ನಾಶವಾಗಿ ಸುತ್ತಲಿನ ಚರ್ಮ ಉಳಿಯುತ್ತದೆ.

ಕೂದಲು ತೆಗೆಯುವ ಲೇಸರುಗಳ ಗುರಿ ಕೂದಲ ಬುಡದ ಮೆಲನಿನ್. ತೊಡಕಿನ ಮೂಲವೂ ಅದೇ, ಏಕೆಂದರೆ ಮೆಲನಿನ್ ಕೂದಲಿನಲ್ಲಿ ಮಾತ್ರವಲ್ಲದೆ ಚರ್ಮದ ಮೇಲ್ಪದರದಲ್ಲಿಯೂ ಇದೆ. ಬಿಳಿಚರ್ಮದವರಲ್ಲಿ ಕಪ್ಪು ಕೂದಲಿಗೂ ಚರ್ಮಕ್ಕೂ ದೊಡ್ಡ ಅಂತರವಿರುವುದರಿಂದ ಬೆಳಕು ಗುರಿಯನ್ನು ಸುಲಭವಾಗಿ ಹುಡುಕಿಕೊಳ್ಳುತ್ತದೆ. ನಮ್ಮಲ್ಲಿ ಆ ಅಂತರ ಕಿರಿದು. ಚರ್ಮವನ್ನು ತಿಳಿಬಣ್ಣದಿಂದ ಗಾಢಬಣ್ಣದವರೆಗೆ ಆರು ಬಗೆಯಾಗಿ ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಅಳತೆಯಲ್ಲಿ ದಕ್ಷಿಣ ಭಾರತೀಯರು ಬಹುಮಟ್ಟಿಗೆ ನಾಲ್ಕನೆಯ, ಐದನೆಯ ಬಗೆಗೆ ಸೇರುತ್ತಾರೆ. ಕೂದಲು ತೆಗೆಯಲು ಬಳಸುವ 755 ನ್ಯಾನೋಮೀಟರ್ ತರಂಗದೂರದ ಅಲೆಕ್ಸಾಂಡ್ರೈಟ್ ಲೇಸರಿನ ಕಿರಣವನ್ನು ಮೆಲನಿನ್ ಬಲವಾಗಿ ಹೀರುತ್ತದೆ. 800 ನ್ಯಾನೋಮೀಟರಿನ ಆಸುಪಾಸಿನ ಡಯೋಡ್ ಕಿರಣವನ್ನು ಅದಕ್ಕಿಂತ ಕಡಿಮೆ. 1064 ನ್ಯಾನೋಮೀಟರಿನ ಯಾಗ್ ಕಿರಣವನ್ನು ಇನ್ನೂ ಕಡಿಮೆ. ಆದ್ದರಿಂದಲೇ ಗಾಢವರ್ಣದ ಚರ್ಮಕ್ಕೆ ಯಾಗ್ ಹೆಚ್ಚು ಸುರಕ್ಷಿತವೆಂದು ವೈದ್ಯರು ಹೇಳುವುದು. ತಿಳಿಬಣ್ಣದ ಚರ್ಮಕ್ಕೆಂದು ಗೊತ್ತುಮಾಡಿದ ಶಕ್ತಿಯಲ್ಲೇ ನಮ್ಮವರ ಮೇಲೆ ಕಿರಣ ಹರಿಸಿದರೆ ಬಿಸಿ ಬುಡಕ್ಕಿಳಿಯುವ ಮೊದಲು ಮೇಲ್ಪದರದಲ್ಲೇ ತಂಗುತ್ತದೆ. ಗುಳ್ಳೆಯೇಳುತ್ತದೆ, ಬಳಿಕ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ, ಕೆಲವೊಮ್ಮೆ ಬಣ್ಣವೇ ಕಳೆದುಹೋದ ಬಿಳಿ ಕಲೆ. ಬಿಸಿಲಿನಲ್ಲಿ ಕೆಲಸ ಮಾಡುವವರಲ್ಲಿ ಅಪಾಯ ಮತ್ತಷ್ಟು ಹೆಚ್ಚು. ಒಬ್ಬರೇ ವ್ಯಕ್ತಿಗೆ ಮಳೆಗಾಲದಲ್ಲಿ ಸರಿಹೋದ ಅಳತೆ ಎಪ್ರಿಲಿನಲ್ಲಿ ಸರಿಹೋಗದಿರಬಹುದು.

ಐಪಿಎಲ್ ಎಂದು ಕರೆಯುವ ಯಂತ್ರ ಲೇಸರ್ ಅಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಅದು ಸುಮಾರು 500ರಿಂದ 1200 ನ್ಯಾನೋಮೀಟರಿನವರೆಗಿನ ಅನೇಕ ತರಂಗದೂರಗಳನ್ನು ಒಟ್ಟಿಗೆ ಸೂಸುವ ತೀವ್ರ ಬೆಳಕಿನ ದೀಪ; ಅದರ ಮುಂದೆ ಇರಿಸುವ ಸೋಸುಗವೇ (ಫಿಲ್ಟರ್) ಯಾವುದು ಒಳಗೆ ಹೋಗಬೇಕೆಂದು ತೀರ್ಮಾನಿಸುತ್ತದೆ. ಜಾಹೀರಾತುಗಳಲ್ಲಿ ಎರಡನ್ನೂ ‘ಲೇಸರ್’ ಎಂದೇ ಬರೆಯುತ್ತಾರೆ. ‘ಶಾಶ್ವತವಾಗಿ ಕೂದಲು ನಿವಾರಣೆ’ ಎಂಬ ಮಾತೂ ಅಂಥದ್ದೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ ಯಂತ್ರಗಳಿಗೆ ಒಪ್ಪುವ ಮಾತು ‘ಕೂದಲು ಶಾಶ್ವತವಾಗಿ ಕಡಿಮೆಯಾಗುವುದು’ ಎಂಬಷ್ಟೇ. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಬೆಳಕು ತಾಗುವುದರಿಂದ ಹಲವು ವಾರಗಳ ಅಂತರದಲ್ಲಿ ಹಲವು ಸಲ ಮಾಡಬೇಕಾಗುತ್ತದೆ; ನರೆತ ಕೂದಲಿಗೆ ತಾಗುವುದೇ ಇಲ್ಲ. ಕೆಲವರಲ್ಲಿ, ಮುಖ್ಯವಾಗಿ ಮುಖದ ಮೇಲೆ, ಚಿಕಿತ್ಸೆಯ ಬಳಿಕ ಕೂದಲು ಇನ್ನಷ್ಟು ದಟ್ಟವಾಗಿ ಬೆಳೆಯುವ ಉದಾಹರಣೆಗಳನ್ನೂ ವೈದ್ಯಕೀಯ ಸಾಹಿತ್ಯ ದಾಖಲಿಸಿದೆ.

ಇನ್ನು ಕಣ್ಣು. ಚರ್ಮ ಚಿಕಿತ್ಸೆಯ ಲೇಸರುಗಳಲ್ಲಿ ಹೆಚ್ಚಿನವು ಅತ್ಯಂತ ಅಪಾಯಕಾರಿಯಾದ ನಾಲ್ಕನೆಯ ವರ್ಗಕ್ಕೆ ಸೇರುತ್ತವೆ. ಸುಮಾರು 400ರಿಂದ 1400 ನ್ಯಾನೋಮೀಟರಿನ ಕಿರಣವನ್ನು ಕಣ್ಣಿನ ಮಸೂರ ಅಕ್ಷಿಪಟಲದ ಒಂದು ಬಿಂದುವಿಗೆ ಕೂಡಿಸಿಬಿಡುತ್ತದೆ. ಕನ್ನಡಿಗೆ ಬಡಿದು ಹಿಂದಿರುಗಿದ ಕಿರಣವೂ ದೃಷ್ಟಿಯನ್ನು ಕೆಡಿಸಬಲ್ಲದು. ಪಾರ್ಲರು ಎಂದರೆ ಗೋಡೆ ತುಂಬ ಕನ್ನಡಿ ಇರುವ ಜಾಗ.

ರೋಗ ಗುರುತಿಸುವ ಪ್ರಶ್ನೆ

ಸುಟ್ಟ ಗಾಯ ಕಣ್ಣಿಗೆ ಕಾಣುತ್ತದೆ, ಸುದ್ದಿಯಾಗುತ್ತದೆ. ಸುದ್ದಿಯಾಗದ ಇನ್ನೊಂದು ಹಾನಿ ಇದೆ. ಮುಖದ ಮೇಲಿನ ಕಪ್ಪು ಮಚ್ಚೆ ಬರಿಯ ಮಚ್ಚೆಯೋ, ಚರ್ಮದ ಕ್ಯಾನ್ಸರಿನ ಮೊದಲ ಗುರುತೋ ಎಂದು ನೋಡದೆ ಲೇಸರಿನಿಂದ ಅಳಿಸಿದರೆ ಪರೀಕ್ಷೆಗೆ ಕಳುಹಿಸಬೇಕಾದ ಅಂಗಾಂಶವೇ ಇಲ್ಲವಾಗಿ, ರೋಗ ಪತ್ತೆಯಾಗುವುದು ತಡವಾಗುತ್ತದೆ. ನಮ್ಮವರಲ್ಲಿ ಚರ್ಮದ ಕ್ಯಾನ್ಸರ್ ವಿರಳವಾದ್ದರಿಂದ ಈ ಉದಾಹರಣೆ ದೂರದ್ದೆನಿಸಬಹುದು. ಹತ್ತಿರದ್ದೂ ಇವೆ. ಹುಡುಗಿಯರ ಗಲ್ಲದ ಮೇಲೆ ಒಮ್ಮೆಲೇ ಒರಟು ಕೂದಲು ಬೆಳೆದರೆ ಅದರ ಹಿಂದೆ ಅಂಡಾಶಯದ ಅಥವಾ ಹಾರ್ಮೋನಿನ ತೊಂದರೆ ಇರಬಹುದು; ಕೂದಲನ್ನು ಸುಡುತ್ತ ಹೋದರೆ ಕಾರಣ ಹಾಗೆಯೇ ಉಳಿಯುತ್ತದೆ, ಪ್ಯಾಕೇಜು ಮಾತ್ರ ಮುಂದುವರಿಯುತ್ತದೆ. ಮಸುಕಾದ ಬಿಳಿ ಮಚ್ಚೆ ಕುಷ್ಠದ ಮೊದಲ ಚಿಹ್ನೆಯಾಗಿರಬಹುದು. ಅಲ್ಲಿ ಸ್ಪರ್ಶ ತಿಳಿಯುತ್ತದೆಯೇ ಎಂದು ಪರೀಕ್ಷಿಸುವುದು ಚರ್ಮವೈದ್ಯರ ಪ್ರಾಥಮಿಕ ಪಾಠ. ತೊನ್ನು ಇರುವವರ ಚರ್ಮಕ್ಕೆ ಗಾಯವಾದರೆ ಗಾಯವಾದಲ್ಲೇ ಹೊಸ ಬಿಳಿ ಮಚ್ಚೆ ಮೂಡುವ ಪ್ರವೃತ್ತಿಯಿದೆ. ಕೆನ್ನೆಯ ಬಂಗಿನ ಮೇಲೆ ಲೇಸರನ್ನು ಆತುರದಿಂದ ಬಳಸಿದರೆ ಅದು ಹಿಂದಿಗಿಂತ ಗಾಢವಾಗಿ ಮರಳುವುದು ಚರ್ಮವೈದ್ಯರಿಗೆ ಚಿರಪರಿಚಿತ.

ಚಿಕಿತ್ಸೆ ಸೌಂದರ್ಯಕ್ಕಾಗಿಯೇ ಇದ್ದರೂ ಅದಕ್ಕೆ ಮೊದಲು ಬರುವ ‘ಇದೇನು?’ ಎಂಬ ಪ್ರಶ್ನೆ ವೈದ್ಯಕೀಯವಾದದ್ದು. ಯಂತ್ರ ನಡೆಸುವ ಕೈಚಳಕವನ್ನು ಕೆಲವು ತಿಂಗಳಲ್ಲಿ ಕಲಿಸಬಹುದು. ಆ ಪ್ರಶ್ನೆಗೆ ಉತ್ತರ ಹೇಳುವುದನ್ನು ಅಷ್ಟರಲ್ಲಿ ಕಲಿಸಲಾಗದು. ಪರ, ವಿರೋಧ ವಾದಗಳೆಲ್ಲ ಕೊನೆಗೆ ಸುತ್ತುವುದು ಈ ಒಂದು ಭೇದವನ್ನೇ.

ಕಾನೂನುಗಳ ನಡುವಿನ ಸಂದಿ

ಮೊದಲು ಯಂತ್ರ. ವೈದ್ಯಕೀಯ ಸಾಧನಗಳ ನಿಯಮಗಳು 2017ರಲ್ಲಿ ಬಂದು 2018ರ ಜನವರಿಯಿಂದ ಜಾರಿಯಾದವು. 2020ರ ಫೆಬ್ರವರಿಯ ಅಧಿಸೂಚನೆಯ ಮೂಲಕ ಎಲ್ಲ ವೈದ್ಯಕೀಯ ಸಾಧನಗಳೂ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯ ಅಡಿಗೆ ಬಂದವು. ಅಪಾಯದ ಏರಿಕೆಗೆ ತಕ್ಕಂತೆ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳನ್ನು ಮಾಡಿ, ಮೊದಲ ಎರಡಕ್ಕೆ 2022ರ ಅಕ್ಟೋಬರಿನಿಂದ, ಉಳಿದೆರಡಕ್ಕೆ 2023ರ ಅಕ್ಟೋಬರಿನಿಂದ ಪರವಾನಗಿ ಕಡ್ಡಾಯವಾಯಿತು. ಇದು ದೊಡ್ಡ ಹೆಜ್ಜೆಯೇ. ಆದರೆ ಯಾವುದು ವೈದ್ಯಕೀಯ ಸಾಧನ ಎಂಬುದು ತಯಾರಕರು ಹೇಳುವ ಉದ್ದೇಶದ ಮೇಲೆ ನಿಲ್ಲುತ್ತದೆ. ರೋಗದ ಹೆಸರೆತ್ತದೆ ‘ಸೌಂದರ್ಯ ಯಂತ್ರ’ ಎಂದು ಮಾರಿದರೆ ತಕರಾರಿಗೆ ಜಾಗ ಹುಟ್ಟುತ್ತದೆ. ಕಾಂತಿವರ್ಧಕ ಎಂದಾದರೂ ಹಿಡಿಯಬಹುದೇ ಎಂದು ನೋಡಿದರೆ, 1940ರ ಕಾಯ್ದೆ ಕಾಂತಿವರ್ಧಕವನ್ನು ಮೈಗೆ ಉಜ್ಜುವ, ಸುರಿಯುವ, ಎರಚುವ ಅಥವಾ ಸಿಂಪಡಿಸುವ ವಸ್ತು ಎಂದು ವಿವರಿಸುತ್ತದೆ. ಬೆಳಕನ್ನು ಉಜ್ಜಲು ಬರುವುದಿಲ್ಲ. ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ 2023ರಿಂದ ನಡೆಸಿದ ತಪಾಸಣೆಗಳಲ್ಲಿ ಪಾದರಸ ಬೆರೆತ ಕ್ರೀಮುಗಳನ್ನು ಮುಟ್ಟುಗೋಲು ಹಾಕಲು ಸಾಧ್ಯವಾದದ್ದು ಅವು ಈ ವಿವರಣೆಯೊಳಗೆ ಬರುವುದರಿಂದ. ಅದೇ ಅಂಗಡಿಯ ಒಳಕೋಣೆಯಲ್ಲಿ ಕಿರಣ ಹರಿಸುವ ಕೆಲಸ ಆ ವಿವರಣೆಯೊಳಗೆ ಬರುವುದಿಲ್ಲ.

ಇನ್ನು, ಯಂತ್ರಕ್ಕೆ ಪರವಾನಗಿ ಇದ್ದರೂ ಅದು ತಯಾರಿಕೆ, ಆಮದು ಮತ್ತು ಮಾರಾಟಕ್ಕೆ ಸಂಬಂಧಿಸಿದ್ದು. ಕೊಂಡ ಮೇಲೆ ನಡೆಸುವವರು ಯಾರು ಎಂದು ಆ ನಿಯಮಗಳು ಕೇಳುವುದಿಲ್ಲ.

ಎರಡನೆಯದು ಜಾಗ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಆಸ್ಪತ್ರೆಗಳು ರಾಜ್ಯಗಳ ಪಟ್ಟಿಯಲ್ಲಿವೆ. ಔಷಧ ಮತ್ತು ವೈದ್ಯವೃತ್ತಿ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ ಪಟ್ಟಿಯಲ್ಲಿವೆ. ಆದ್ದರಿಂದ ಚಿಕಿತ್ಸಾಲಯಗಳ ನೋಂದಣಿಗೆ ಕೇರಳಕ್ಕೆ 2018ರ ಕಾಯ್ದೆ, ಕರ್ನಾಟಕಕ್ಕೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ಎರಡರ ಮಾತೂ ರೋಗ, ಗಾಯ, ತಪಾಸಣೆ, ಶುಶ್ರೂಷೆಯ ಸುತ್ತ ಕಟ್ಟಿದ್ದು. ಮೇಲ್ದುಟಿಯ ಕೂದಲು ರೋಗವೂ ಅಲ್ಲ, ಗಾಯವೂ ಅಲ್ಲ. ‘ನಾವು ಯಾರನ್ನೂ ಗುಣಪಡಿಸುತ್ತಿಲ್ಲ, ಚೆಂದ ಮಾಡುತ್ತಿದ್ದೇವೆ’ ಎನ್ನುವ ಪಾರ್ಲರಿಗೆ ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ ಸಾಕಾಗುತ್ತದೆ. ಪಂಚಾಯತಿಯ ಕಡತದಲ್ಲಿ ಹುಬ್ಬು ತಿದ್ದುವ ಅಂಗಡಿಗೂ ನಾಲ್ಕನೆಯ ವರ್ಗದ ಲೇಸರ್ ಇರುವ ಅಂಗಡಿಗೂ ಭೇದವಿಲ್ಲ.

ಮೂರನೆಯದು ವ್ಯಕ್ತಿ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೆಯ ಕಲಮಿನ ಪ್ರಕಾರ ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸಿದವರಿಗೆ ಒಂದು ವರ್ಷದವರೆಗಿನ ಸೆರೆ, 5 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡೂ ಆಗಬಹುದು. ಆದರೆ ಬೆಳಕಿನಿಂದ ಕೂದಲು ತೆಗೆಯುವುದು ವೈದ್ಯವೃತ್ತಿ ಹೌದೇ ಅಲ್ಲವೇ ಎಂದು ಕಾಯ್ದೆ ಎಲ್ಲಿಯೂ ಬಿಡಿಸಿ ಹೇಳಿಲ್ಲ. ಕೂದಲು ಕಸಿಯ ವಿಷಯದಲ್ಲಿ ಮಾತ್ರ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿ, ತರಬೇತಿ ಪಡೆದ ವೈದ್ಯರೇ ಅದನ್ನು ಮಾಡಬೇಕು, ಕಾರ್ಯಾಗಾರದಲ್ಲಿ ಕುಳಿತು ಅಥವಾ ಯೂಟ್ಯೂಬ್ ನೋಡಿ ಕಲಿತರೆ ಸಾಲದು ಎಂದು ಸ್ಪಷ್ಟಪಡಿಸಿತು. ಲೇಸರಿಗೆ ಅಷ್ಟು ನೇರವಾದ ಮಾತು ಬಂದಿಲ್ಲ.

ತಲಪಾಡಿಯ ಆಚೆ, ಈಚೆ

ಮಂಜೇಶ್ವರದವರಿಗೆ ಜಿಲ್ಲಾ ಕೇಂದ್ರವಾದ ಕಾಸರಗೋಡಿಗಿಂತ ಮಂಗಳೂರು ಹತ್ತಿರ. ವೈದ್ಯಕೀಯ ಕಾಲೇಜುಗಳಿರುವ ದೇರಳಕಟ್ಟೆ ಗಡಿಯ ಮಗ್ಗುಲಲ್ಲೇ ಇದೆ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಎರಡು ರಾಜ್ಯಗಳ ಗಡಿಯಾದ ತಲಪಾಡಿಯ ರಸ್ತೆ ಮುಚ್ಚಿದಾಗ ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದದ್ದು ಈ ಅವಲಂಬನೆ ಎಷ್ಟು ಆಳವೆಂಬುದಕ್ಕೆ ಸಾಕ್ಷಿ. ತುರ್ತು ಚಿಕಿತ್ಸೆಗೆ ಹೋಗುವ ದಾರಿಯಲ್ಲೇ ಸೌಂದರ್ಯ ಚಿಕಿತ್ಸೆಗೂ ಜನ ಹೋಗುತ್ತಾರೆ, ಮದುವೆಯ ತಿಂಗಳುಗಳಲ್ಲಿ ಮತ್ತಷ್ಟು.

ಇದರ ಪರಿಣಾಮವೆಂದರೆ ಗಡಿನಾಡಿನ ವ್ಯಕ್ತಿ ಎರಡು ವ್ಯವಸ್ಥೆಗಳ ಗುರುತುಗಳನ್ನು ಓದಲು ಕಲಿಯಬೇಕಾಗಿದೆ. ಕರ್ನಾಟಕದಲ್ಲಿ ನೋಂದಾಯಿತ ಸಂಸ್ಥೆಗಳು ಫಲಕದ ಮೇಲೆ ನೋಂದಣಿ ಸಂಖ್ಯೆ ತೋರಿಸಬೇಕು, ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಫಲಕವಿರಬೇಕು ಎಂದು 2024ರಲ್ಲಿ ಆದೇಶವಾಯಿತು. ಆ ಸುದ್ದಿಯನ್ನು ಕೇರಳದ ಕುಂಬಳೆಯಲ್ಲಿ ಓದಿದವರು ಕುಂಬಳೆಯ ಕ್ಲಿನಿಕ್ಕಿನಲ್ಲಿ ನೀಲಿ ಫಲಕ ಹುಡುಕಿದರೆ ಪ್ರಯೋಜನವಿಲ್ಲ. ಕೇರಳದ ಕಾಯ್ದೆಯ ಒತ್ತು ಬೇರೆ: ನೋಂದಣಿ ಪ್ರಮಾಣಪತ್ರ ಮತ್ತು ದರಪಟ್ಟಿ ಜನರಿಗೆ ಕಾಣುವಂತಿರಬೇಕು. ದರಪಟ್ಟಿ ಮಲಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ಇದ್ದರೆ ಕಾನೂನಿಗೆ ಸಾಕು. ಭಾಷಾ ಅಲ್ಪಸಂಖ್ಯಾತರ ಪ್ರದೇಶವೆಂದು ಸರಕಾರವೇ ಒಪ್ಪಿದ ತಾಲೂಕುಗಳಲ್ಲಿ ಕನ್ನಡಕ್ಕೆ ಇಲ್ಲಿ ಸ್ಥಾನವಿಲ್ಲ.

ಇದನ್ನು ಭಾಷಾಭಿಮಾನದ ದೂರು ಎಂದು ತಳ್ಳಿಹಾಕುವಂತಿಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಹೇಳಿದಂತೆ, ರೋಗಿಯ ಒಪ್ಪಿಗೆ ಸಿಂಧುವಾಗಬೇಕಾದರೆ ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿಗಳ ಬಗ್ಗೆ ಸಾಕಷ್ಟು ತಿಳಿಸಿರಬೇಕು. ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು ಎಂಬ ಸಾಲು ಓದಲು ಬಾರದ ಲಿಪಿಯಲ್ಲಿದ್ದರೆ, ಕೆಳಗೆ ಬಿದ್ದ ಸಹಿಯ ಬೆಲೆ ಎಷ್ಟು?

ಯಾರ ವಾದ ಏನು

ಚರ್ಮರೋಗ ತಜ್ಞರ ವಾದವನ್ನು ಮೇಲೆ ನೋಡಿಯಾಯಿತು: ರೋಗ ಗುರುತಿಸುವ ಶಕ್ತಿಯಿಲ್ಲದವರ ಕೈಗೆ ಯಂತ್ರ ಕೊಡಬಾರದು, ತೊಡಕಾದರೆ ನಿಭಾಯಿಸಬಲ್ಲವರೇ ಮಾಡಬೇಕು. ವಾದ ಬಲವಾದದ್ದು, ಅದರ ಹಿಂದೆ ವೃತ್ತಿಯ ಹಿತವೂ ಇದೆ ಎಂಬುದು ಅದನ್ನು ಸುಳ್ಳಾಗಿಸುವುದಿಲ್ಲ. ಆದರೆ ತಜ್ಞರ ಕ್ಲಿನಿಕ್ಕುಗಳಲ್ಲೇ ಬಹಳಷ್ಟು ಸಲ ಯಂತ್ರ ನಡೆಸುವುದು ತಂತ್ರಜ್ಞರು. ವೈದ್ಯರು ಮೊದಲ ದಿನ ನೋಡಿ ಅಳತೆ ಬರೆದುಕೊಟ್ಟಿರುತ್ತಾರೆ. ಹಾಗಿರುವಾಗ ಪ್ರಶ್ನೆ ‘ವೈದ್ಯರೋ ಅಲ್ಲವೋ’ ಎಂಬಲ್ಲಿಂದ ‘ವೈದ್ಯರು ಎಷ್ಟು ಹತ್ತಿರದಲ್ಲಿರಬೇಕು’ ಎಂಬಲ್ಲಿಗೆ ಸರಿಯುತ್ತದೆ. ಅದೇ ಕೋಣೆಯಲ್ಲೇ, ಅದೇ ಕಟ್ಟಡದಲ್ಲೇ, ಅಥವಾ ಫೋನಿನ ಆಚೆ ಬದಿಯಲ್ಲೇ?

ದಂತವೈದ್ಯರಲ್ಲಿ ಬಾಯಿ ಮತ್ತು ಮುಖದ ಶಸ್ತ್ರಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಮುಖದ ರಚನೆಯನ್ನು ತಾವು ಯಾರಿಗೂ ಕಡಿಮೆಯಿಲ್ಲದಂತೆ ಬಲ್ಲೆವೆನ್ನುತ್ತಾರೆ. ಭಾರತೀಯ ದಂತ ಪರಿಷತ್ತು 2022ರ ಕೊನೆಯಲ್ಲಿ ಅವರ ಪರ ನಿಂತಿತು. ವೈದ್ಯಕೀಯ ಆಯೋಗ ಒಂದು ಮಾತು, ದಂತ ಪರಿಷತ್ತು ಇನ್ನೊಂದು ಮಾತು ಹೇಳಿದಾಗ ಪತ್ರಿಕೆಯಲ್ಲಿ ಎರಡೂ ‘ಪರಿಷತ್ತಿನ ನಿರ್ಧಾರ’ವಾಗಿಯೇ ಕಾಣುತ್ತವೆ. ಎರಡೂ ಬೇರೆ ಬೇರೆ ಕಾನೂನಿನಿಂದ ಹುಟ್ಟಿದ ಸಂಸ್ಥೆಗಳು, ತಮ್ಮ ತಮ್ಮ ಸದಸ್ಯರ ಬಗ್ಗೆ ಮಾತ್ರ ಹೇಳಬಲ್ಲವು ಎಂಬುದನ್ನು ಓದುಗರು ನೆನಪಿಟ್ಟುಕೊಂಡರೆ ಗೊಂದಲದ ಒಂದು ಪಾಲು ಕಳೆಯುತ್ತದೆ. ಆಯುರ್ವೇದ, ಹೋಮಿಯೋಪತಿ ಪದವೀಧರರ ವಾದವೂ ಇದೇ ಜಾಡಿನದು.

ಸೌಂದರ್ಯ ತಜ್ಞೆಯರ ಮಾತನ್ನು ಹೆಚ್ಚು ಗಮನದಿಂದ ಕೇಳಬೇಕು. ಸಣ್ಣ ಪೇಟೆಗಳಲ್ಲಿ ಪಾರ್ಲರು ಎಂದರೆ ಹೆಣ್ಣುಮಕ್ಕಳು ಸ್ವಂತ ಬಂಡವಾಳದಲ್ಲಿ ನಡೆಸಬಹುದಾದ ಕೆಲವೇ ಉದ್ಯೋಗಗಳಲ್ಲಿ ಒಂದು. ಕೂದಲು ತೆಗೆಯುವುದು ಅವರ ಹಳೆಯ ಕೆಲಸ. ದಾರ, ಮೇಣ ಹೋಗಿ ಬೆಳಕು ಬಂತು, ಅಷ್ಟೇ ಎನ್ನುತ್ತಾರೆ. ಯಂತ್ರ ಮಾರುವವರು ಎರಡು ದಿನದ ತರಬೇತಿ ಕೊಟ್ಟು ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಹೋದಾಗ, ಕೊಂಡವಳು ತಾನು ಕಾನೂನಿನ ಒಳಗೇ ಇದ್ದೇನೆಂದು ನಂಬುವುದು ಸಹಜ. ಸಾಲದ ಕಂತು ಕಟ್ಟಬೇಕಾದ ಯಂತ್ರ ಸುಮ್ಮನೆ ಕೂರಲಾರದು. ಬೇಡವೆನ್ನಬೇಕಾದ ಚರ್ಮಕ್ಕೂ ಆಗಬಹುದು ಎನ್ನುವ ಒತ್ತಡ ಅಲ್ಲಿಂದ ಹುಟ್ಟುತ್ತದೆ. ಎಲ್ಲರಿಗಿಂತ ಕಡಿಮೆ ಪ್ರಶ್ನೆಗೊಳಗಾಗುವವರು ಆ ಮಾರಾಟಗಾರರು.

ಬೇರೆ ದೇಶಗಳು ನಡೆದ ದಾರಿ

ಇಂಗ್ಲೆಂಡಿನ ಕಥೆ ಎಚ್ಚರಿಕೆಯಂತಿದೆ. ಸೌಂದರ್ಯಕ್ಕಾಗಿ ಬಳಸುವ ಲೇಸರ್ ಮತ್ತು ಐಪಿಎಲ್ ಅಲ್ಲಿ ಆರೋಗ್ಯ ನಿಯಂತ್ರಕರ ನೋಂದಣಿಯಡಿ ಇದ್ದವು. 2010ರಲ್ಲಿ ಅವನ್ನು ಹೊರಗೆ ಬಿಡಲಾಯಿತು. ಮೂರೇ ವರ್ಷಗಳಲ್ಲಿ, ಸರಕಾರ ನೇಮಿಸಿದ ವೈದ್ಯ ಬ್ರೂಸ್ ಕಿಯೋ ಅವರ ಸಮಿತಿ ಇಡೀ ಕ್ಷೇತ್ರವನ್ನು ಪರಿಶೀಲಿಸಿ, ಶಸ್ತ್ರಕ್ರಿಯೆಯಿಲ್ಲದ ಸೌಂದರ್ಯ ಚಿಕಿತ್ಸೆ ಪಡೆಯುವವರಿಗೆ ಬಾಲ್‌ಪಾಯಿಂಟ್ ಪೆನ್ನು ಕೊಳ್ಳುವವರಿಗಿರುವಷ್ಟೇ ರಕ್ಷಣೆ ಇದೆ ಎಂದು ವರದಿ ಮಾಡಿತು. ಪರವಾನಗಿ ವ್ಯವಸ್ಥೆ ತರುವ ಅಧಿಕಾರ ಸರಕಾರಕ್ಕೆ ಸಿಕ್ಕಿದ್ದು 2022ರ ಕಾಯ್ದೆಯಿಂದ. ಬಿಡುವುದು ಸುಲಭ, ಮತ್ತೆ ಹಿಡಿಯಲು ಹತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಜರ್ಮನಿ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಲಿಲ್ಲ. ಹಚ್ಚೆ ಅಳಿಸುವುದು, ಚರ್ಮದ ಪದರ ಸುಡುವುದು, ರಕ್ತನಾಳ ಮತ್ತು ಬಣ್ಣದ ಮಚ್ಚೆಗಳ ಲೇಸರ್ ಇವನ್ನು 2020ರ ಕೊನೆಯಿಂದ ವೈದ್ಯರಿಗಷ್ಟೇ ಮೀಸಲಿಟ್ಟು, ಕೂದಲು ತೆಗೆಯುವುದನ್ನು ನಿರ್ದಿಷ್ಟ ಕಲಿಕೆಯನ್ನು ಸಾಬೀತುಪಡಿಸಿದ ಇತರರಿಗೂ ಬಿಟ್ಟಿತು. ಯುರೋಪಿಯನ್ ಒಕ್ಕೂಟ ಇನ್ನೊಂದು ತುದಿಯಿಂದ ಗಂಟು ಬಿಚ್ಚಿತು: ವೈದ್ಯಕೀಯ ಉದ್ದೇಶ ಹೇಳಿಕೊಳ್ಳದಿದ್ದರೂ ಕೂದಲು ತೆಗೆಯುವ, ಹಚ್ಚೆ ಅಳಿಸುವ ಲೇಸರ್ ಮತ್ತು ತೀವ್ರ ಬೆಳಕಿನ ಯಂತ್ರಗಳನ್ನು 2017ರ ಸಾಧನ ನಿಯಮದ 16ನೆಯ ಅನುಬಂಧದಲ್ಲಿ ಹೆಸರಿಸಿ ಒಳಗೆ ಸೇರಿಸಿಕೊಂಡಿತು. ‘ಸೌಂದರ್ಯ ಯಂತ್ರ’ ಎಂಬ ಚೀಟಿ ಅಂಟಿಸಿ ನುಸುಳುವ ದಾರಿ ಅಲ್ಲಿ ಹಾಗೆ ಮುಚ್ಚಿತು.

ಅಮೆರಿಕದಿಂದ ಆಗಾಗ ಉಲ್ಲೇಖವಾಗುವ ಅಂಕಿಯೊಂದಿದೆ. 2013ರಲ್ಲಿ ಪ್ರಕಟವಾದ ಅಧ್ಯಯನದಂತೆ, ಚರ್ಮದ ಲೇಸರಿನಿಂದಾದ ಗಾಯದ ಮೊಕದ್ದಮೆಗಳಲ್ಲಿ ವೈದ್ಯರಲ್ಲದವರು ಯಂತ್ರ ನಡೆಸಿದ್ದ ಪ್ರಕರಣಗಳ ಪಾಲು 2008ರಲ್ಲಿ ಸುಮಾರು 36 ಶೇಕಡಾ ಇದ್ದದ್ದು 2011ರಲ್ಲಿ ಸುಮಾರು 78 ಶೇಕಡಾ ಆಯಿತು. ವೈದ್ಯರಲ್ಲದವರು ಮಾಡಿದರೆ ಗಾಯ ಹೆಚ್ಚು ಎಂಬುದಕ್ಕೆ ಇದನ್ನೇ ನೇರ ಪುರಾವೆಯಾಗಿ ಮುಂದಿಡುವುದುಂಟು. ಆದರೆ ಇದು ಮೊಕದ್ದಮೆಗಳ ಎಣಿಕೆ, ಗಾಯಗಳದ್ದಲ್ಲ. ಆ ವರ್ಷಗಳಲ್ಲಿ ಒಟ್ಟು ಎಷ್ಟು ಚಿಕಿತ್ಸೆಗಳನ್ನು ವೈದ್ಯರಲ್ಲದವರು ಮಾಡಿದರೆಂಬುದು ಅದರಲ್ಲಿಲ್ಲ. ದಿಕ್ಕನ್ನು ತೋರಿಸುವಷ್ಟಕ್ಕೆ ಅಂಕಿ ಉಪಯುಕ್ತ.

ಯಂತ್ರದ ಜಾಡು ಹಿಡಿಯುವ ದಾರಿ

ನಮ್ಮಲ್ಲಿ ಇಂಥ ನಿಯಂತ್ರಣ ಅಸಾಧ್ಯ, ಪ್ರತಿ ಪಾರ್ಲರಿಗೂ ಅಧಿಕಾರಿ ಹೋಗಲಾದೀತೇ ಎಂಬ ಮಾತಿದೆ. ಆದರೆ ಇದೇ ದೇಶ ಬೇರೆ ಎರಡು ಯಂತ್ರಗಳ ವಿಷಯದಲ್ಲಿ ಅದನ್ನು ಮಾಡಿದೆ. ಸಣ್ಣ ಹಲ್ಲಿನ ಕ್ಲಿನಿಕ್ಕಿನ ಎಕ್ಸ್‌ರೇ ಯಂತ್ರವೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿರಬೇಕು. ಲೇಸರಿನ ಕಿರಣ ಎಕ್ಸ್‌ರೇಯಂತೆ ಪರಮಾಣುಗಳಿಂದ ಎಲೆಕ್ಟ್ರಾನ್ ಕೀಳುವ (ಅಯಾನೀಕರಿಸುವ) ವಿಕಿರಣವಲ್ಲದ ಕಾರಣ ಆ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ. ಹೀಗೆ ಒಂದೇ ಕಟ್ಟಡದಲ್ಲಿ ದಂತ ಎಕ್ಸ್‌ರೇಗೆ ಪರವಾನಗಿ ಬೇಕು, ಪಕ್ಕದ ಕೋಣೆಯಲ್ಲಿ ಕಣ್ಣು ಕೆಡಿಸಬಲ್ಲ ಲೇಸರಿಗೆ ಬೇಡ. ಎರಡನೆಯ ಉದಾಹರಣೆ ಹೆಚ್ಚು ಉಪಯುಕ್ತ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದ ಜಾಗಕ್ಕೆ ಅಲ್ಟ್ರಾಸೌಂಡ್ ಯಂತ್ರವನ್ನು ಮಾರುವುದೇ ಅಪರಾಧ. ಉದ್ದೇಶ ಬೇರೆಯಾದರೂ ಉಪಾಯ ಎರವಲು ತರಬಹುದಾದದ್ದು. ಸಾವಿರಾರು ಪಾರ್ಲರುಗಳ ಬಾಗಿಲು ತಟ್ಟುವುದಕ್ಕಿಂತ ಬೆರಳೆಣಿಕೆಯ ಆಮದುದಾರರ, ಮಾರಾಟಗಾರರ ಪುಸ್ತಕ ನೋಡುವುದು ಸುಲಭ. ಯಂತ್ರ ಯಾರಿಗೆ ಹೋಯಿತು, ಅಲ್ಲಿ ಹೊಣೆ ಹೊತ್ತ ವೈದ್ಯರು ಯಾರು, ನಡೆಸುವವರ ತರಬೇತಿ ಏನು ಎಂಬುದನ್ನು ಮಾರಾಟಕ್ಕೇ ಕಟ್ಟಿಹಾಕಿದರೆ, ಬೇರೆ ಬೇರೆಯಾಗಿ ನಿಂತ ಮೂರು ಕಾನೂನುಗಳಿಗೆ ಒಂದು ಕೊಂಡಿ ಸಿಗುತ್ತದೆ. ಸಾಧನ ನಿಯಮಗಳು ಕೇಂದ್ರದ್ದಾದ್ದರಿಂದ ಆ ಕೊಂಡಿ ತಲಪಾಡಿಯ ಎರಡೂ ಬದಿಗೆ ಒಂದೇ ಆಗಿರುತ್ತದೆ. ಗಡಿನಾಡಿಗೆ ಇದರಷ್ಟು ಒಪ್ಪುವ ದಾರಿ ಇನ್ನೊಂದು ಕಾಣದು.

ಇದರಲ್ಲೂ ಸೋರಿಕೆಯಿದೆ. ಈಗಾಗಲೇ ಮಾರಾಟವಾದ ಯಂತ್ರಗಳು, ಕೈ ಬದಲಾಗುವ ಹಳೆಯ ಯಂತ್ರಗಳು, ಆನ್‌ಲೈನಿನಲ್ಲಿ ಬರುವ ಕಡಿಮೆ ಶಕ್ತಿಯ ಮನೆಬಳಕೆಯ ಐಪಿಎಲ್‌ಗಳು ಲೆಕ್ಕದ ಹೊರಗೆ ಉಳಿಯುತ್ತವೆ. ‘ವೈದ್ಯರ ಮೇಲ್ವಿಚಾರಣೆ’ ಎಂಬುದು ಫಲಕದ ಮೇಲೆ ಹೆಸರು ಬಾಡಿಗೆ ಕೊಡುವ ವ್ಯವಹಾರವಾಗಿ ಇಳಿಯುವ ಅಪಾಯ ಔಷಧದಂಗಡಿಗಳ ಅನುಭವದಿಂದ ನಮಗೆ ಹೊಸತಲ್ಲ. ಎಲ್ಲವನ್ನೂ ತಜ್ಞರಿಗೇ ಮೀಸಲಿಟ್ಟರೆ ಬದಿಯಡ್ಕ, ಮುಳ್ಳೇರಿಯದಂಥ ಪೇಟೆಗಳವರು ಮಂಗಳೂರಿಗೋ ಕಾಸರಗೋಡಿಗೋ ಪ್ರತಿ ಸಿಟ್ಟಿಂಗಿಗೂ ಬಸ್ಸು ಹಿಡಿಯಬೇಕು. ಹಾಗಾಗದವರು ಫಲಕವಿಲ್ಲದ ಕೋಣೆಗಳಿಗೆ ಹೋಗುತ್ತಾರೆ. ಆದ್ದರಿಂದ ಜರ್ಮನಿಯಂತೆ ಕೆಲಸವನ್ನು ಒಡೆದು ನೋಡುವುದು ಮೇಲು. ಮಚ್ಚೆ, ಬಂಗು, ಹಚ್ಚೆ, ಚರ್ಮ ಸುಡುವ ಲೇಸರುಗಳು ವೈದ್ಯರ ಕೈಯಲ್ಲೇ ಇರಲಿ. ಕೂದಲಿನ ಕೆಲಸಕ್ಕೆ ಮೊದಲ ತಪಾಸಣೆಯಷ್ಟೇ ವೈದ್ಯರದ್ದಾಗಿ, ಬಳಿಕದ್ದನ್ನು ತರಬೇತಾದವರು ಲಿಖಿತ ಅಳತೆಯಂತೆ ನಡೆಸಲಿ.

ಗಾಯವಾದ ಮೇಲೆ ಯಾವ ಬಾಗಿಲು

ಹೊಸ ನಿಯಮ ಬರುವವರೆಗೆ ಉಳಿದಿರುವುದು ಗ್ರಾಹಕ ಕಾನೂನು. ವೈದ್ಯಕೀಯ ಸೇವೆಯೂ ಅದರಡಿ ಬರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ತೀರ್ಮಾನಿಸಿದೆ. ಹಣ ಪಡೆದು ಕೊಡುವ ಪಾರ್ಲರಿನ ಸೇವೆಯ ಬಗ್ಗೆ ಅನುಮಾನವೇ ಇಲ್ಲ. ಗಡಿನಾಡಿನವರಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ತಂದ ಒಂದು ಬದಲಾವಣೆ ಮುಖ್ಯವಾದದ್ದು. ಹಿಂದೆ ಸೇವೆ ಕೊಟ್ಟವರಿರುವ ಅಥವಾ ಘಟನೆ ನಡೆದ ಜಿಲ್ಲೆಯಲ್ಲಿ ದೂರು ಕೊಡಬೇಕಿತ್ತು. ಈಗ ದೂರುದಾರರು ವಾಸಿಸುವ ಜಿಲ್ಲೆಯಲ್ಲೂ ಕೊಡಬಹುದು. ಮಂಗಳೂರಿನಲ್ಲಿ ಚಿಕಿತ್ಸೆ ಪಡೆದ ಮಂಜೇಶ್ವರದವರು ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಕೊಡಬೇಕು. ರಾಜ್ಯದ ಗಡಿಯನ್ನು ಲೆಕ್ಕಿಸದೆ ಬಾಧಿತರ ಮನೆಯನ್ನೇ ನೆಲೆಯಾಗಿಸಿಕೊಂಡ ಕಾನೂನು ಈ ವಿಷಯದಲ್ಲಿ ಇದೊಂದೇ.

ಆದರೆ ಆಯೋಗದ ಮುಂದೆ ದಾಖಲೆ ಬೇಕು. ಬಳಸಿದ ಯಂತ್ರ ಯಾವುದು, ತರಂಗದೂರ ಎಷ್ಟು, ಶಕ್ತಿ ಎಷ್ಟಕ್ಕೆ ಇಟ್ಟಿದ್ದರು, ಮೊದಲು ಸಣ್ಣ ಜಾಗದಲ್ಲಿ ಪರೀಕ್ಷಿಸಿದ್ದರೇ ಎಂಬುದು ಬರಹದಲ್ಲಿದ್ದರೆ ಮಾತ್ರ ಲೋಪವನ್ನು ತೋರಿಸಬಹುದು. ನೋಂದಾಯಿತ ವೈದ್ಯರಾದರೆ, 2002ರ ವೃತ್ತಿನಿಯಮಗಳಂತೆ ರೋಗಿ ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕು. ಪಾರ್ಲರಿಗೆ ಅಂಥ ಹೊಣೆ ಯಾವ ಕಾನೂನಿನಲ್ಲೂ ಇಲ್ಲ. ಅಲ್ಲಿ ಸುಟ್ಟುಕೊಂಡವರ ಕೈಯಲ್ಲಿ ಬಹುಮಟ್ಟಿಗೆ ಉಳಿಯುವುದು ಹಣ ಕಳುಹಿಸಿದ ಯುಪಿಐ ಸಂದೇಶ ಮತ್ತು, ತೆಗೆದಿಟ್ಟುಕೊಂಡಿದ್ದರೆ, ಚಿಕಿತ್ಸೆಗೆ ಮೊದಲಿನ ಒಂದು ಫೋಟೊ.